ಅತ್ತೆಯ ಹೆಸರಿನಲ್ಲಿ ಒಂದು ಪಾಲಿಸಿ

ಮಾವನವರಿಗೆ,

ಶಿಕಾರಿಪುರದಿಂದ ನಿಮ್ಮ ಅಳಿಯ ಮಂಜುನಾಥ ಬರೆಯುತ್ತಿರುವುದು. ನೀವಿದ್ದಾಗ ನಿಮಗೆ ನಾನು ಒಂದು ಕಾಗದವನ್ನೂ ಬರೆದವನಲ್ಲ. ನೀವು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದ್ದೇ ನನ್ನ ಬರವಣಿಗೆ. ಈಗ ಬರೆಯುವುದಕ್ಕೆ ಕಾರಣ ಇದೆ. ನಿಂತಿದ್ದರೆ ಒಂದು ಗಳಿಗೆ ಕೂತುಕೊಳ್ಳಿ. ನಿಮ್ಮ ಹೆಂಡತಿ ಜೀವವಿಮೆ ಮಾಡಿಸಿದ್ದಾರೆ. ಅದೂ ಎಪ್ಪತ್ತೆಂಟನೇ ವಯಸ್ಸಿನಲ್ಲಿ.

ಇದೆಲ್ಲ ಶುರುವಾದದ್ದು ನೀವು ಹೋದ ಮೇಲೆ ನಡೆದ ನಿಮ್ಮ ಗಣಾರಾಧನೆಯ ದಿನ. ಹೊಸಬಾಳೆಯ ಮನೆ ಮುಂದೆ ಹಾಕಿದ ಶಾಮಿಯಾನ ಸಾಲದೆ ಜನ ರಸ್ತೆಯವರೆಗೂ ಕೂತು ಉಂಡರು. ನಲವತ್ತು ವರ್ಷ ಸೊರಬ ತಾಲ್ಲೂಕನ್ನೆಲ್ಲ ಸ್ಕೂಟರಿನಲ್ಲಿ ಸುತ್ತಿ ವಿಮೆ ಮಾಡಿಸಿದ ಏಜೆಂಟರಲ್ಲವೇ ನೀವು? ಪಾಲಿಸಿ ಮಾಡಿಸಿದವರೆಲ್ಲ ಬಂದಿದ್ದರು. ಉಂಡವರು ಒಬ್ಬೊಬ್ಬರಾಗಿ ಒಳಗೆ ಬಂದು ಅತ್ತೆಯ ಮುಂದೆ ನಿಮ್ಮನ್ನು ಕೊಂಡಾಡುವುದು. “ಚನ್ನಬಸಪ್ಪನೋರು ಒಂಬತ್ತು ಸಲ ಮನೆಗೆ ಬಂದು, ಬಿಡದೆ ಗಂಟುಬಿದ್ದು ಮಾಡಿಸಿದ್ರು ಕಣಮ್ಮ. ಅವತ್ತು ಬೈಕೊಂಡಿದ್ದೆ. ಮಗಳ ಮದುವೆ ಅದರಲ್ಲೇ ಆತು” ಎಂದು ಒಬ್ಬರು. “ನಮ್ಮ ಎಮ್ಮೆಗೂ ಮಾಡಿಸಿದ್ರು, ಪುಣ್ಯಾತ್ಮರು” ಎಂದು ಇನ್ನೊಬ್ಬರು. ಅತ್ತೆ ಎಲ್ಲರಿಗೂ ತಲೆಯಾಡಿಸಿದರು. ಜನ ಕರಗಿದ ಮೇಲೆ ನನ್ನನ್ನು ಕರೆದರು.

“ಅಳಿಯಂದ್ರೆ, ನನ್ನ ಹೆಸರಲ್ಲಿ ಎಷ್ಟದೆ ನೋಡ್ರಿ.”

ನಿಮ್ಮ ಬೀರು ತೆಗೆದೆ. ಎಷ್ಟು ಅಚ್ಚುಕಟ್ಟು ಮಾವ ನಿಮ್ಮದು! ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ ಕಟ್ಟಿದ ಕಟ್ಟು. ನಿಮ್ಮದಿತ್ತು, ನಿಮ್ಮ ಮಗ ಲೋಕೇಶನದಿತ್ತು, ನನ್ನ ಹೆಂಡತಿ ಶೈಲಳದಿತ್ತು. ನನ್ನದಂತೂ ಇದ್ದೇ ಇತ್ತು. ಮದುವೆಯಾಗಿ ನಾಲ್ಕನೇ ದಿನ, ಕೈಗೆ ಕಟ್ಟಿದ ಕಂಕಣ ಬಿಚ್ಚುವ ಮುಂಚೆ ನನ್ನಿಂದ ಸಹಿ ಹಾಕಿಸಿಕೊಂಡಿದ್ದಿರಿ, ನೆನಪಿದೆಯಾ? ಕೊನೆಯ ಕಟ್ಟು ಕೊಟ್ಟಿಗೆಯ ಗೌರಿ ಹಸುವಿನದು. ಅತ್ತೆಯದು ಮಾತ್ರ ಇಲ್ಲ. ಹುಡುಕಿದಂತೆ ಮಾಡುತ್ತ ಇನ್ನಷ್ಟು ಹೊತ್ತು ಬೀರುವಿನೊಳಗೆ ತಲೆ ಇಟ್ಟುಕೊಂಡೇ ಇದ್ದೆ. ಹೊರಗೆ ಬಂದು ಏನು ಹೇಳಲಿ?

“ಹಸುವಿಗೆ ಅದೆ?” ಎಂದು ಅವರೇ ಕೇಳಿದರು.

“ಅದೆ ಅತ್ತೆ.”

“ಹೌದು, ಅದರ ಕಿವಿಗೆ ಇನ್ಶೂರೆನ್ಸ್ ಬಿಲ್ಲೆ ಹೊಡೆಸೋಕೆ ಡಾಕ್ಟ್ರನ್ನ ಕರ್ಕೊಂಡು ಬಂದಿದ್ರು. ನನ್ನ ಕಿವಿಗೆ ಇರೋದು ನಮ್ಮಪ್ಪ ಮಾಡಿಸಿದ ಓಲೆ ಮಾತ್ರ.”

ಅಷ್ಟು ಹೇಳಿ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದವರು ಆರು ತಿಂಗಳು ಹೆಚ್ಚುಕಡಿಮೆ ಹಾಗೇ ಇದ್ದರು. ಉಣ್ಣು ಅಂದರೆ ಎರಡು ತುತ್ತು. ಮಾತಾಡಿಸಿದರೆ, “ನಂದೇನದೆ, ಕರೆಸಿಕೊಂಡ್ರೆ ಹೋಗೋದೇ.” ಲೋಕೇಶನ ಹೆಂಡತಿ ಸುಮಂಗಲ ಫೋನಿನಲ್ಲಿ ಶೈಲಳ ಹತ್ತಿರ, “ಅತ್ತೆ ನನ್ನ ಜೊತೆ ಜಗಳ ಆಡಿ ಎರಡು ತಿಂಗಳಾಯ್ತು, ನನಗೆ ಭಯ ಆಗ್ತಿದೆ” ಅಂದಳಂತೆ. ಮೂವತ್ತು ವರ್ಷದಿಂದ ಒಂದು ದಿನ ತಪ್ಪದೆ ನಡೆದ ಜಗಳ ಅದು, ನಿಮಗೆ ಗೊತ್ತಲ್ಲ. ಹೀಗಾದರೆ ಕಷ್ಟ ಎಂದು ನಾವು ಅವರನ್ನು ಶಿಕಾರಿಪುರಕ್ಕೆ ಕರೆತಂದೆವು.

ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಹತ್ತಿರದ ನನ್ನ ಅಂಗಡಿಗೆ ಅತ್ತೆ ತಾವೇ ನಡೆದುಕೊಂಡು ಬಂದರು. ಜೆರಾಕ್ಸ್, ಪಹಣಿ, ಆನ್‌ಲೈನ್ ಅರ್ಜಿ ಇವೇ ನನ್ನ ಕಸುಬು ಎಂದು ಅವರಿಗೆ ಗೊತ್ತಿದ್ದರೂ ಅಲ್ಲಿಯವರೆಗೆ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ. ಎಷ್ಟೋ ವರ್ಷ ಅಳಿಯನ ಎದುರು ಕುರ್ಚಿಯಲ್ಲಿ ಕೂರದೆ ಬಾಗಿಲ ಮರೆಯಿಂದಲೇ ಮಾತಾಡಿದ ಹೆಂಗಸು. ಅವತ್ತು ಗಿರಾಕಿಗಳ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

“ಊರವರಿಗೆಲ್ಲ ಅರ್ಜಿ ಹಾಕ್ತೀರಲ್ಲ, ನನಗೊಂದು ಇನ್ಶೂರೆನ್ಸ್ ಹಾಕ್ರಿ.”

“ಅತ್ತೆ, ಈ ವಯಸ್ಸಿಗೆ ಯಾರೂ ಕೊಡಲ್ಲ.”

“ಯಾಕೆ?”

“ಯಾಕೆ ಅಂದ್ರೆ… ವಯಸ್ಸಾದವರು ಅಂದ್ಮೇಲೆ…”

“ಸಾಯ್ತಾರೆ ಅಂತನಾ? ಮತ್ತೆ ಇನ್ಶೂರೆನ್ಸ್ ಇರೋದು ಯಾತಕ್ಕೆ, ಸಾಯದೆ ಇರೋರಿಗಾ?”

ನೀವಾಗಿದ್ದರೆ ಇದಕ್ಕೆ ಏನು ಹೇಳುತ್ತಿದ್ದಿರಿ ಮಾವ? ನಾನು ಕಂಪ್ಯೂಟರ್ ಆನ್ ಮಾಡಿದೆ.

ಮೊದಲ ಅರ್ಜಿಯಲ್ಲಿ ವಯಸ್ಸಿನ ಜಾಗದಲ್ಲಿ ಅತ್ತೆ ಹೇಳಿದಂತೆ ಎಪ್ಪತ್ತೊಂಬತ್ತು ಎಂದು ಒತ್ತಿದೆ. ಆ ಚೌಕ ಕೆಂಪಾಯಿತು. ಇನ್ನೊಂದು ಕಂಪನಿಯದು ತೆರೆದೆ, ಅಲ್ಲೂ ಕೆಂಪು. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. “ನನ್ನ ವಯಸ್ಸು ಕೇಳಿ ಅದಕ್ಯಾಕೆ ಸಿಟ್ಟು?” ನಾಲ್ಕನೆಯ ಕಡೆ ಚೌಕ ಕೆಂಪಾಗಲಿಲ್ಲ. ಫೋನ್ ನಂಬರ್ ಕೊಡಿ, ನಾವೇ ಮಾತಾಡುತ್ತೇವೆ ಎಂದಿತು. ಸಂಜೆಯೊಳಗೆ ಫೋನ್ ಬಂತು. ಪುಸ್ತಕದ ಕನ್ನಡದಲ್ಲಿ ಮಾತಾಡುವ ಒಬ್ಬ ಹುಡುಗಿ. ನಾನು ಸ್ಪೀಕರ್ ಹಾಕಿದೆ.

“ಮೇಡಂ, ತಮಗೆ ತಂಬಾಕು ಸೇವನೆಯ ಅಭ್ಯಾಸ ಇದೆಯೇ?”

“ಎಲೆಅಡಿಕೆ ಜೊತೆ ಒಂಚೂರು ಹೊಗೆಸೊಪ್ಪು ಹಾಕ್ಕೊಂತೀನಮ್ಮ. ನೀ ಹಾಕ್ಕೊಳಲ್ವಾ?”

“ಪರ್ವತಾರೋಹಣದಂಥ ಅಪಾಯಕಾರಿ ಹವ್ಯಾಸಗಳು ಇವೆಯೇ?”

“ಹಂಗಂದ್ರೆ?”

“ಎತ್ತರದ ಜಾಗಗಳನ್ನು ಹತ್ತುವುದು ಮೇಡಂ.”

“ಹತ್ತುತೀನಿ. ಉಪ್ಪಿನಕಾಯಿ ಜಾಡಿ ಅಟ್ಟದ ಮೇಲೆ ಇರೋದು.”

ಹುಡುಗಿ ಫೋನ್ ದೂರ ಹಿಡಿದು ನಕ್ಕದ್ದು ನಮಗೂ ಕೇಳಿಸಿತು. ಆಮೇಲೆ ವೈದ್ಯಕೀಯ ಪರೀಕ್ಷೆ ಆಗಬೇಕು ಎಂದಳು. ಅದೂ ಆಯಿತು. ರಕ್ತ ಕೊಟ್ಟರು, ಎದೆಗೆ ಆ ವೈರುಗಳನ್ನು ಅಂಟಿಸಿಕೊಂಡು ಅಲ್ಲಾಡದೆ ಮಲಗಿದರು. ಹತ್ತು ದಿನಕ್ಕೆ ಉತ್ತರ ಬಂತು: ತಮ್ಮ ಪ್ರಸ್ತಾವವನ್ನು ಸ್ವೀಕರಿಸಲು ಸಾಧ್ಯವಾಗುತ್ತಿಲ್ಲ. ಸಕ್ಕರೆ, ಬಿ.ಪಿ. ಎರಡೂ ಜಾಸ್ತಿ.

“ಅಂದ್ರೆ ಫೇಲಾ?” ಎಂದರು ಅತ್ತೆ. “ಜೀವಮಾನದಲ್ಲಿ ಒಂದು ಪರೀಕ್ಷೆಗೆ ಕೂತೆ, ಅದೂ ಹಿಂಗಾಯ್ತು” ಎಂದು ಎದ್ದು ಒಳಗೆ ಹೋದರು. ಮಾವ, ಒಂದು ಮಾತು ಹೇಳಬೇಕು. ಅವತ್ತು ರಾತ್ರಿ ಅವರು ಎರಡು ರೊಟ್ಟಿ ಉಂಡರು. ಶೈಲ ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ. ಸಿಟ್ಟಿಗೂ ಹಸಿವಿಗೂ ಏನೋ ನಂಟು ಇರಬೇಕು.

ಮಾರನೇ ದಿನ ಇನ್ನೊಂದು ಅರ್ಜಿಗೆ ಅವರ ಆಧಾರ್ ಕಾರ್ಡ್ ಸ್ಕ್ಯಾನ್ ಮಾಡುವಾಗ ನನ್ನ ಕಣ್ಣು ಹುಟ್ಟಿದ ಇಸವಿಯ ಮೇಲೆ ಬಿತ್ತು. ಲೆಕ್ಕ ಹಾಕಿದೆ. ಅರವತ್ತೆಂಟು! ಲೋಕೇಶನಿಗೆ ಫೋನ್ ಮಾಡಿದರೆ, “ಅವತ್ತು ಆಧಾರ್ ಕ್ಯಾಂಪಿನಲ್ಲಿ ಸಿಕ್ಕಾಪಟ್ಟೆ ನೂಕುನುಗ್ಗಲು ಭಾವ, ಬಾಯಿಗೆ ಬಂದ ಇಸವಿ ಹೇಳ್ದೆ” ಎಂದ. ಆ ಪ್ರಕಾರ ಅತ್ತೆ ತೊಗರ್ಸಿಯಲ್ಲಿರುವ ಸ್ವಂತ ತಂಗಿಗಿಂತ ಎಂಟು ವರ್ಷ ಚಿಕ್ಕವರು. ನಾನು ಕುರ್ಚಿ ಬಿಟ್ಟು ಎದ್ದೆ. “ಅತ್ತೆ, ಕೆಲಸ ಆಯ್ತು! ನಿಮಗೆ ಅರವತ್ತೆಂಟೇ. ಹತ್ತು ಕಂಪನಿಯವರು ಕೊಡ್ತಾರೆ.”

ಅತ್ತೆ ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಲ್ಲಿ ಒರೆಸಿದರು.

“ಅವರು ನಲವತ್ತು ವರ್ಷದಲ್ಲಿ ಯಾರದಾದ್ರೂ ವಯಸ್ಸು ಸುಳ್ಳು ಬರೆದಿದ್ರಾ?”

“ಇಲ್ಲ.”

“ಒಂದು ವರ್ಷ ಕಮ್ಮಿ ಹಾಕ್ರಿ ಅಂತ ದೊಡ್ಡ ಜಮೀನ್ದಾರರು ಮನೆಗೆ ಬಂದು ಕೂತಿದ್ರು. ಬರೆಯಲ್ಲ ಅಂತ ಇವರು ಚಾ ಕೊಟ್ಟು ಕಳಿಸಿದ್ರು. ಈಗ ಅವರ ಹೆಂಡತಿ ಸುಳ್ಳು ಹಾಕ್ಸಿದ್ಲು ಅಂತ ಆಗಬೇಕಾ? ಮೊದಲು ಇದನ್ನ ಸರಿ ಮಾಡ್ಸಿ.”

ನಿಮ್ಮ ಮೇಲೆ ಕೋಪ ಮಾಡಿಕೊಂಡೇ ನಿಮ್ಮ ಹೆಸರು ಕಾಪಾಡಲು ಹೊರಟ ಆ ಹೆಂಗಸನ್ನು ನೋಡಿ ನಾನು ಸ್ಕೂಟರ್ ತೆಗೆದೆ. ದಾಖಲೆ ಬೇಕಲ್ಲ? ಅವರ ತವರು ಕುಬಟೂರಿನ ಶಾಲೆಗೆ ಹೋದೆವು. ನಾಲ್ಕನೇ ಕ್ಲಾಸಿನವರೆಗೆ ಅಲ್ಲೇ ಓದಿದ್ದಂತೆ. ಹೆಡ್‌ಮಾಸ್ತರು ಒಳ್ಳೆಯವರು, ಮೂಲೆಯ ಟ್ರಂಕಿನಿಂದ ಹಳೆಯ ದಾಖಲಾತಿ ಪುಸ್ತಕ ತೆಗೆಸಿ ಹುಡುಕಿಕೊಟ್ಟರು. ಗೌರಮ್ಮ, ತಂದೆ ವೀರಪ್ಪ. ಹುಟ್ಟಿದ ತಾರೀಖಿನ ಪ್ರಕಾರ ಎಪ್ಪತ್ತೆಂಟೇ! ಇಷ್ಟು ದಿನ ಒಂದು ವರ್ಷ ಹೆಚ್ಚು ಹೇಳಿಕೊಂಡು ತಿರುಗಿದ್ದರು. ಪಕ್ಕದಲ್ಲಿ ಇನ್ನೊಂದು ಕಾಲಮ್ಮು: ಶಾಲೆ ಬಿಟ್ಟ ಕಾರಣ. ಮಾಸ್ತರು ಜೋರಾಗಿ ಓದಿದರು. “ಎಮ್ಮೆ ಕಾಯಲು.”

ನಾನು ನಕ್ಕೆ. ಅತ್ತೆ ನಗಲಿಲ್ಲ. ಆ ಅಕ್ಷರದ ಮೇಲೆ ಬೆರಳಿಟ್ಟು, “ಎರಡು ಎಮ್ಮೆ. ಒಂದು ಭಾಳ ತುಂಟ” ಎಂದರು.

ಸೊರಬದಲ್ಲಿ ಆಧಾರ್ ತಿದ್ದುವ ಕೌಂಟರಿನಲ್ಲಿದ್ದ ಹುಡುಗಿ ಕೇಳಿದಳು, “ವಯಸ್ಸು ಜಾಸ್ತಿ ಮಾಡ್ಸೋದು ಪಿಂಚಣಿಗಾ ಅಜ್ಜಿ?”

“ಅಲ್ಲಮ್ಮ, ಇನ್ಶೂರೆನ್ಸಿಗೆ.”

“ಇನ್ಶೂರೆನ್ಸಿಗೆ ಎಲ್ಲರೂ ಕಮ್ಮಿ ಮಾಡ್ಸೋಕೆ ಬರ್ತಾರೆ ಅಜ್ಜಿ!”

“ಅವರ ಗಂಡಂದಿರು ಏಜೆಂಟರಾಗಿರಲಿಲ್ಲ” ಎಂದರು ಅತ್ತೆ.

ಅಂತೂ ನಿಜವಾದ ವಯಸ್ಸು ಕೈಗೆ ಬಂತು, ಆದರೆ ಆ ವಯಸ್ಸಿಗೆ ಪಾಲಿಸಿ ಎಲ್ಲಿ? ಆಗ ನೆನಪಾದದ್ದು ರೇವಣಪ್ಪ. ನಿಮ್ಮ ಸ್ಕೂಟರಿನ ಹಿಂದೆ ಕೂತು ಕೆಲಸ ಕಲಿತ ರೇವಣಪ್ಪ ಈಗ ಸೊರಬದಲ್ಲಿ ಸ್ವಂತ ಆಫೀಸು ಇಟ್ಟಿದ್ದಾರೆ, ಗೋಡೆಯ ಮೇಲೆ ನಿಮ್ಮ ಫೋಟೊ ಹಾಕಿದ್ದಾರೆ. ಅತ್ತೆಯನ್ನು ಕಂಡದ್ದೇ ಎದ್ದು ನಿಂತು ಕಾಲು ಮುಟ್ಟಿದರು. ವಿಷಯ ಕೇಳಿ ಸ್ವಲ್ಪ ಹೊತ್ತು ಕಂಪ್ಯೂಟರ್ ಕುಟ್ಟಿ ಹೇಳಿದರು.

“ಒಂದು ಐತ್ರಿ ಅಮ್ಮಾರೆ. ರಕ್ತ ಕೊಡೋದು ಬೇಡ, ಕಾಯಿಲೆ ಗೀಯಿಲೆ ಏನೂ ಕೇಳಂಗಿಲ್ಲ. ಎಂಬತ್ತರ ಒಳಗಿನವರು ಯಾರೇ ಅರ್ಜಿ ಹಾಕಿದ್ರೂ ಕೊಡಲೇಬೇಕು, ಇಲ್ಲ ಅನ್ನಂಗಿಲ್ಲ. ಆದ್ರೆ ಕಂತು ಜಾಸ್ತಿ, ಬರೋ ಮೊತ್ತ ಸಣ್ಣದು. ಇನ್ನೊಂದು ಷರತ್ತು ಐತಿ. ಹೇಳೋಕೆ ಒಂಥರಾ…”

“ಹೇಳಪ್ಪ.”

“ಮೊದಲ ಎರಡು ವರ್ಷದಾಗೆ ಕಾಯಿಲೆಯಿಂದ ಹೋದ್ರೆ ಪೂರ್ತಿ ಸಿಗಲ್ಲ, ಕಟ್ಟಿದ್ದು ಮಾತ್ರ ವಾಪಸ್. ಎರಡು ವರ್ಷ ದಾಟಿದ್ಮೇಲೆ ಪೂರ್ತಿ. ಆಕ್ಸಿಡೆಂಟ್ ಆದ್ರೆ ಮಾತ್ರ ಮೊದಲ ದಿನದಿಂದಲೇ ಪೂರ್ತಿ.”

ಅತ್ತೆ ಬೆರಳು ಮಡಿಚಿ ಲೆಕ್ಕ ಹಾಕಿದರು. “ಎರಡು ವರ್ಷ ಸಾಯಂಗಿಲ್ಲ. ಅಷ್ಟೇ ಅಲ್ವಾ? ಬರ್ಕೊ.”

ಕಂತು ತಮ್ಮ ಪಿಂಚಣಿಯಿಂದಲೇ, ಅದನ್ನು ಆನ್‌ಲೈನಿನಲ್ಲಿ ಕಟ್ಟುವ ಕೆಲಸ ಮಾತ್ರ ನನ್ನದು, ಮಕ್ಕಳಿಂದ ಒಂದು ರೂಪಾಯಿ ಬೇಡ ಎಂದರು. ರೇವಣಪ್ಪ ಬರೆಯುತ್ತ ಬರೆಯುತ್ತ, ಎಲ್ಲರಿಗೂ ಗೊತ್ತಿರುವ ವಿಷಯವೆಂಬಂತೆ ಅಂದರು, “ಆಗಲೇ ಒಪ್ಕೊಂಡಿದ್ರೆ ಕಂತು ಎಷ್ಟು ಕಮ್ಮಿ ಇರ್ತಿತ್ರಿ ಅಮ್ಮಾರೆ. ಗುರುಗಳು ನಿಮಗೆ ಮಾಡ್ಸಬೇಕು ಅಂತ ಫಾರಂ ತುಂಬಿ ತಂದಾಗ ನೀವೇ ಹರಿದುಹಾಕಿದ್ರಂತಲ್ಲ? ನನಗೆ ಹೇಳಿ ನಕ್ಕಿದ್ರು.”

ನಾನು ಅತ್ತೆಯ ಮುಖ ನೋಡಿದೆ. ಅವರು ಗೋಡೆಯ ಮೇಲಿನ ನಿಮ್ಮ ಫೋಟೊ ನೋಡುತ್ತಿದ್ದರು.

ಆಫೀಸಿನಿಂದ ಹೊರಬಂದು ಸ್ಕೂಟರ್ ಹತ್ತುವ ಮುಂಚೆ ನಾನು ಕೇಳಿಯೇಬಿಟ್ಟೆ. “ನಿಜವಾ ಅತ್ತೆ?”

“ನಿಜ. ಲೋಕೇಶ ಸ್ಕೂಲಿಗೆ ಹೋಗೋವಾಗ. ಸಹಿ ಹಾಕು ಅಂದ್ರು. ನಾನು ಸತ್ರೆ ನಿಮಗೆ ದುಡ್ಡು ಬೇಕಾ ಅಂತ ಹರಿದುಹಾಕ್ದೆ.”

“ಮತ್ತೆ ಇಷ್ಟು ದಿನ ಅವರ ಮೇಲೆ ಯಾಕೆ ಸಿಟ್ಟು?”

“ಊರವರ ಮನೆಗೆ ಒಂಬತ್ತು ಒಂಬತ್ತು ಸಲ ಹೋದ್ರು. ನನ್ನ ಒಂದೇ ಸಲ ಕೇಳಿದ್ದು.” ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡರು. “ಇನ್ನೊಂದು ಸಲ ಕೇಳಬಾರದಿತ್ತಾ?”

ಮಾವ, ಇದನ್ನು ನಿಮ್ಮನ್ನೇ ಕೇಳಬೇಕು. ನಿಜಕ್ಕೂ, ಯಾಕೆ ಕೇಳಲಿಲ್ಲ? ಹೆದರಿದಿರಾ? ಇಲ್ಲವೇ, ಅತ್ತೆ ಸತ್ತರೆ ದುಡ್ಡು ಪಡೆಯುವ ನಾಮಿನಿಯ ಜಾಗದಲ್ಲಿ ಇನ್ನೊಂದು ಸಲ ನಿಮ್ಮ ಹೆಸರು ಬರೆಯಲು ನಿಮಗೂ ಕೈ ಬರಲಿಲ್ಲವಾ? ಹೋಗಲಿ ಬಿಡಿ. ದಾರಿಯಲ್ಲಿ ಅತ್ತೆ ಹಿಂದಿನಿಂದ ನನ್ನ ಭುಜ ತಟ್ಟಿದರು. “ಸ್ವಲ್ಪ ಜೋರಾಗೇ ಹೋಗ್ರಿ. ಆಕ್ಸಿಡೆಂಟಿಗೆ ಇವತ್ತಿಂದಲೇ ಪೂರ್ತಿ ಅಂದನಲ್ಲ.” ನಾನು ಶಿಕಾರಿಪುರ ಮುಟ್ಟುವ ತನಕ ಎತ್ತಿನ ಗಾಡಿಯ ಹಾಗೆ ಓಡಿಸಿದೆ.

ನಾಮಿನಿ ಯಾರು ಎಂಬ ವಿಷಯ ಹೇಳಲು ಮರೆತೆ. ಅವತ್ತು ರೇವಣಪ್ಪ ಕೇಳಿದಾಗ ಮಗ ಲೋಕೇಶ ಅನ್ನುತ್ತಾರೆ, ಇಲ್ಲವೇ ಮಗಳು ಶೈಲ ಅನ್ನುತ್ತಾರೆ ಎಂದುಕೊಂಡಿದ್ದೆ. ಅತ್ತೆ, “ಸುಮಂಗಲ, ಗಂಡ ಲೋಕೇಶ” ಎಂದರು. ಸೊಸೆಯ ಹೆಸರು! “ಮಗನನ್ನೇ ಹಾಕಿ ಅಮ್ಮಾರೆ, ಕಂಪನಿಯವರು ತಕರಾರು ತೆಗೀತಾರೆ” ಎಂದು ರೇವಣಪ್ಪ ಅಂದದ್ದಕ್ಕೆ, “ನನ್ನ ಸಾವು, ನನ್ನಿಷ್ಟ” ಎಂದುಬಿಟ್ಟರು. ತಕರಾರು ಬಂತು, ರೇವಣಪ್ಪ ಎರಡು ಕಾಗದ ಹೆಚ್ಚು ಬರೆದು ಸರಿಮಾಡಿದರು. ಯಾಕೆ ಹೀಗೆ ಎಂದು ಕೇಳಿದ ಶೈಲಳಿಗೆ ಅತ್ತೆ ಹೇಳಿದ್ದು, “ಬೀರುವಿನಲ್ಲಿ ಅವಳ ಹೆಸರಿನ ಕಟ್ಟೂ ಇರಲಿಲ್ಲ.” ನಾನು ನೋಡಿರಲಿಲ್ಲ ಮಾವ. ಅತ್ತೆ ನೋಡಿದ್ದರು.

ಪಾಲಿಸಿ ಕೈಗೆ ಬಂದ ವಾರವೇ ಅತ್ತೆ ಹೊಸಬಾಳೆಗೆ ವಾಪಸಾದರು. ಸುದ್ದಿ ಊರಿಗೆಲ್ಲ ಹಬ್ಬಿತು. ಸುಮಂಗಲ ನೀರಿಗೆ ಹೋದರೆ, ಹಾಲು ಹಾಕಲು ಡೇರಿಗೆ ಹೋದರೆ, “ಏನಮ್ಮ, ಅತ್ತೆ ಹೆಂಗದಾರೆ? ಎರಡು ವರ್ಷ ಯಾವಾಗ ಮುಗೀತದೆ?” ಎಂಬ ಕೀಟಲೆ. ಪಾಪ, ಅತ್ತೆಗೆ ಕೆಮ್ಮು ಬಂದರೆ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಿದ್ದಳು. ತನ್ನ ಮನಸ್ಸಿನಲ್ಲಿ ಅಂಥದ್ದೇನೂ ಇಲ್ಲ ಎಂದು ಊರಿಗೆ ತೋರಿಸುವುದಕ್ಕೋ ಏನೋ, ಹೊತ್ತಿಗೆ ಸರಿಯಾಗಿ ಬಿ.ಪಿ. ಮಾತ್ರೆ, ಸಕ್ಕರೆಯಿಲ್ಲದ ಚಾ, ಸಂಜೆ ಶಾಲೆಯವರೆಗೆ ಕೈಹಿಡಿದು ಒಂದು ಸುತ್ತು. ಹೊಗೆಸೊಪ್ಪಿನ ಡಬ್ಬಿ ಎಲ್ಲಿ ಬಚ್ಚಿಟ್ಟಳೋ ಇವತ್ತಿಗೂ ಸಿಕ್ಕಿಲ್ಲ. ಜಗಳ ಮತ್ತೆ ಶುರುವಾಯಿತು. ಶೈಲ ಫೋನ್ ಇಟ್ಟು, “ಇಬ್ಬರೂ ಜೋರಾಗಿ ಕಿತ್ತಾಡ್ತಿದಾರೆ, ದೇವರು ದೊಡ್ಡವನು” ಎಂದಳು.

ಎರಡನೇ ವರ್ಷದ ಮಳೆಗಾಲದಲ್ಲಿ ಅತ್ತೆಗೆ ಜ್ವರ ಬಂದು ಎದೆಯಲ್ಲಿ ಕಫ ಕಟ್ಟಿತು. ಶಿಕಾರಿಪುರದ ಆಸ್ಪತ್ರೆಗೆ ಸೇರಿಸಿದೆವು. ಮೂರು ದಿನ ಮೂಗಿಗೆ ಆಕ್ಸಿಜನ್. ನನ್ನ ಅಂಗಡಿ ಮುಚ್ಚಿತ್ತು, ಲೋಕೇಶ ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ. ಸುಮಂಗಲ ಮಂಚದ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲ. ನಾಲ್ಕನೇ ದಿನ ಡಾಕ್ಟರು ಬಂದು, “ಹೇಗಿದೀರಾ ಅಜ್ಜಿ?” ಎಂದರೆ, ಅತ್ತೆ ಕಣ್ಣು ಬಿಟ್ಟು ಅಂದದ್ದು, “ಇನ್ನೂ ನಾಲ್ಕು ತಿಂಗಳು ಬಾಕಿ ಅದೆ ಸಾರ್, ಆಮೇಲೆ ನೋಡಾಣ.” ಡಾಕ್ಟರು, ಜ್ವರ ಇನ್ನೂ ತಲೆಗೆ ಏರಿದೆ ಎಂದು ಇನ್ನೊಂದು ಟೆಸ್ಟ್ ಬರೆದರು. ನಾವು ನಕ್ಕಿದ್ದಕ್ಕೆ ನರ್ಸಮ್ಮ ಬೈದರು. ನಗುತ್ತಲೇ ನಾನು ಹೊರಗೆ ಬಂದು ಗೋಡೆಗೆ ಒರಗಿದೆ. ನಿಮ್ಮನ್ನು ಕಳಿಸಿಕೊಟ್ಟಾಗಲೂ ನಾನು ಹಾಗೆ ಹೆದರಿರಲಿಲ್ಲ, ತಪ್ಪು ತಿಳಿಯಬೇಡಿ.

ಈಗ ಎಲ್ಲಕ್ಕಿಂತ ಹೊಸ ಸುದ್ದಿ. ಹೋದ ಗುರುವಾರಕ್ಕೆ ಪಾಲಿಸಿಗೆ ಎರಡು ವರ್ಷ ತುಂಬಿತು. ಅತ್ತೆಗೆ ಎಂಬತ್ತು. ನಾನೂ ಶೈಲಳೂ ಸ್ವೀಟ್ ತೆಗೆದುಕೊಂಡು ಹೊಸಬಾಳೆಗೆ ಹೋದರೆ, ಮನೆಯಲ್ಲಿ ಸುಮಂಗಲ ಅಡುಗೆಮನೆಯ ಬಾಗಿಲಲ್ಲಿ ಕೂತು ಗಳಗಳ ಅಳುತ್ತಿದ್ದಾಳೆ. ಏನಾಯಿತೋ ಎಂದು ಗಾಬರಿಯಾದೆವು.

“ಭಾವ, ಅದನ್ನ ಕ್ಯಾನ್ಸಲ್ ಮಾಡ್ಸಿಬಿಡಿ” ಎಂದಳು. “ಇಷ್ಟು ದಿನ ಎರಡು ವರ್ಷ ಆಗಲಿಲ್ಲ ಅಂತ ಇವರು ಗಟ್ಟಿಯಾಗಿ ಇದ್ರು. ಇವತ್ತಿಂದ ಸತ್ತರೂ ಅಡ್ಡಿ ಇಲ್ಲ ಅಂತಾರೆ. ನನಗೆ ಆ ದುಡ್ಡು ಬೇಡ. ಬೈಯೋಕಾದ್ರೂ ಇವರು ಬೇಕು.”

ಅತ್ತೆ ಪಡಸಾಲೆಯಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದರು. ಆಮೇಲೆ ಸೊಸೆಯನ್ನು ಹತ್ತಿರ ಕರೆದು, ತಮ್ಮದೇ ಸೆರಗಿನಲ್ಲಿ ಅವಳ ಮೂಗು ಒರೆಸಿದರು, ಚಿಕ್ಕ ಮಗುವಿಗೆ ಒರೆಸಿದಂತೆ. ನನ್ನ ಕಡೆ ತಿರುಗಿದರು.

“ಕ್ಯಾನ್ಸಲ್ ಎಲ್ಲ ಬೇಡ ಅಳಿಯಂದ್ರೆ. ನೀವು ಕಂತು ಕಟ್ತಾ ಇರ್ರಿ. ನಾನೂ ಇರ್ತೀನಿ.”

ನಿಮ್ಮ ಅಳಿಯ,
ಮಂಜುನಾಥ